ಇಲಿಮನೆಯ ಗುಂಡವ್ವನ ಎಳ್ಳಮಾಸಿ

ನಾಶಿಕದ ಜನವರಿ ಚಳಿಯನ್ನು ಕಂಡವರೇ ಬಲ್ಲರು. ನಸುಕಿನಲ್ಲಿ ದ್ರಾಕ್ಷಿ ತೋಟದವರು ಬಳ್ಳಿಗೆ ಇಬ್ಬನಿ ಹೆಪ್ಪುಗಟ್ಟದಿರಲೆಂದು ಬದುವಿನುದ್ದಕ್ಕೂ ಬೆಂಕಿ ಹಾಕಿ ಕೂತಿದ್ದಾರೆ. ಊರ ಹೊರಗಿನ ವಿಶ್ವವಿದ್ಯಾಲಯದ ಹಿಂಬದಿಯಲ್ಲಿ, ಒಂದೇ ಬಲ್ಬು ಉರಿಯುವ ಬಾಗಿಲ ಮುಂದೆ ಗುಂಡವ್ವ ಹಲಬರ್ಗೆ ಎಂಬವರು ಕೈಬಳೆ ತೆಗೆದು ಗೂಟಕ್ಕೆ ಹಾಕುತ್ತಿದ್ದಾರೆ. ಮುಡಿದ ಹೂವು ಹೊರಗೇ ಉಳಿಯಬೇಕು, ಮಲ್ಲಿಗೆ ವಾಸನೆಯ ತಲೆಯೆಣ್ಣೆಯಂತೂ ಮನೆಯಲ್ಲೇ ನಿಷಿದ್ಧ. ಹಣೆಯ ವಿಭೂತಿಗೆ ಮಾತ್ರ ಯಾರ ಅಡ್ಡಿಯೂ ಇಲ್ಲ, ಅದಕ್ಕೆ ವಾಸನೆಯಿಲ್ಲವಲ್ಲ. ಮೇಲಂಗಿ, ಟೋಪಿ, ಮುಖಗವಸು ತೊಟ್ಟು ಬಾಗಿಲನ್ನು ಬೆರಳ ಗೆಣ್ಣಿನಿಂದ ಮೆಲ್ಲಗೆ ತಟ್ಟುತ್ತಾರೆ.

"ಬಂದೀನ್ರಪ್ಪಾ, ಹೆದರಬ್ಯಾಡ್ರಿ."

ಒಳಗಿರುವುದು ಮನುಷ್ಯರಲ್ಲ, ಬಿಳಿ ಇಲಿಗಳು. ಔಷಧಶಾಸ್ತ್ರ ವಿಭಾಗದ ಪ್ರಾಣಿಮನೆ ಇದು. ದಿಢೀರನೆ ಬಾಗಿಲು ತೆರೆದರೆ ಇಲಿಗಳು ಬೆಚ್ಚುತ್ತವೆ, ಬೆಚ್ಚಿದ ಇಲಿಯ ರಕ್ತದಲ್ಲಿ ಸಕ್ಕರೆ ಏರುತ್ತದೆ. ಹಾಗೆಂದು ಕೆಲಸಕ್ಕೆ ಸೇರಿದ ವಾರದಲ್ಲೇ ವಿಭಾಗದವರು ಅವರಿಗೆ ಹೇಳಿಕೊಟ್ಟಿದ್ದರು. ಬಾಗಿಲು ತಟ್ಟುವ ಪಾಠ ಅವರದು, ಮಾತಾಡಿಸುವ ರೂಢಿ ಮಾತ್ರ ಗುಂಡವ್ವನ ಸ್ವಂತದ್ದು. ಇಲಿಗಳಿಗೆ ಕನ್ನಡ ಬರುತ್ತದೆಯೇ ಎಂದು ನಾನು ಕೇಳಿದೆ. "ಮರಾಠಿ ಊರಾಗ ಕನ್ನಡ ಮಾತಾಡ್ಲಿಕ್ಕ ನನಗೂ ಯಾರರೆ ಬೇಕಲ್ರಿ" ಎಂದು ಅವರು ನಕ್ಕರು.

ಈ ಬೆಳಗು ಮಾತ್ರ ನಗುವಿನದಲ್ಲ. ವಿಭಾಗ ತಯಾರಿಸಿದ ಗಾಯದ ಮುಲಾಮಿನ ಕಡೆಯ ಪರೀಕ್ಷೆ ಇಂದು ಮುಗಿಯುತ್ತದೆ. ಸಕ್ಕರೆ ಕಾಯಿಲೆಯವರ ಕಾಲಿನಲ್ಲಿ ಮಾಯದೆ ಉಳಿಯುವ ಗಾಯ ಇರುತ್ತದಲ್ಲ, ಅದಕ್ಕೆಂದು ಮಾಡಿದ ಮುಲಾಮು. ಇಂದಿನ ಅಳತೆ ಸರಿಬಂದರೆ ಅದು ಛತ್ರಪತಿ ಸಂಭಾಜಿನಗರದ ಒಂದು ಆಸ್ಪತ್ರೆಗೆ ಹೋಗಿ ಮನುಷ್ಯರ ಮೇಲೆ ಪರೀಕ್ಷೆಗೆ ನಿಲ್ಲುತ್ತದೆ. ಸರಿಬಾರದಿದ್ದರೆ ವರ್ಷಗಳ ದುಡಿಮೆ ಕಪಾಟು ಸೇರುತ್ತದೆ. ಅದೇ ಆಸ್ಪತ್ರೆಯಲ್ಲಿ ವಾರಕ್ಕೆರಡು ಸಲ ಹಿಮ್ಮಡಿಯ ಗಾಯಕ್ಕೆ ಪಟ್ಟಿ ಕಟ್ಟಿಸಿಕೊಳ್ಳುವ ಗುರುಲಿಂಗಪ್ಪ ಎಂಬವರು ಗುಂಡವ್ವನ ಗಂಡ.

ಮುಲಾಮು ಯಾವ ಗಿಡದ್ದು ಎಂದು ಇಲ್ಲಿ ಬರೆಯುವಂತಿಲ್ಲ. "ಬರದ್ರಿ ಅಂದ್ರ ನಾಳೆ ಮುಂಜಾನೆ ಜನ ಬೇಲಿ ಕಿತ್ತು ಅರದು ಹಚ್ಕೋತಾರ, ಕಾಲು ಕಳಕೋತಾರ" ಎಂದು ವಿಭಾಗದ ಮುಖ್ಯಸ್ಥೆ ಡಾ. ನಿರುಪಮಾ ಕುಲಕರ್ಣಿ ನನ್ನಿಂದ ಮಾತು ತೆಗೆದುಕೊಂಡಿದ್ದಾರೆ. ಧಾರವಾಡದ ಹೆಣ್ಣುಮಗಳು, ಮಾತು ತೆಗೆದುಕೊಂಡರೆ ಬಿಡುವವರಲ್ಲ. ವಿಶ್ವವಿದ್ಯಾಲಯದ ಹೆಸರೂ ಬೇಡ ಎಂದರು, ಒಪ್ಪಿದೆ. ಗುಂಡವ್ವನ ಹೆಸರು ಬಿಡಿ ಎಂದು ಯಾರೂ ಹೇಳಲಿಲ್ಲ. ಹಾಗೆ ಹೇಳಬೇಕು ಎಂದು ಯಾರಿಗೂ ಹೊಳೆದೇ ಇಲ್ಲ ಎಂದು ನನ್ನ ಗುಮಾನಿ.

ನಾನು ಇಲ್ಲಿಗೆ ಬಂದದ್ದೇ ಒಂದು ಮೊಣಕೈ ಹುಡುಕಿಕೊಂಡು. ಕಳೆದ ವರ್ಷ ಈ ಮುಲಾಮಿನ ಮೊದಲ ಫಲಿತಾಂಶ ಪ್ರಕಟವಾದಾಗ ಮರಾಠಿ ಪತ್ರಿಕೆಯೊಂದರಲ್ಲಿ ಚಿತ್ರ ಬಂದಿತ್ತು. ಶಾಲು ಹೊದ್ದವರು, ಹಾರ ಹಾಕಿಸಿಕೊಂಡವರು, ನಡುವೆ ಒಂದು ಪಂಜರದಲ್ಲಿ ಬಿಳಿ ಇಲಿ. ಪಂಜರ ಹಿಡಿದವರ ಮೊಣಕೈ ಮಾತ್ರ ಚಿತ್ರದ ಅಂಚಿನಲ್ಲಿತ್ತು, ಉಳಿದ ಆಸಾಮಿಯನ್ನು ಕತ್ತರಿಸಿ ಎಸೆದಿದ್ದರು. ಇಲಿಗೆ ಪೂರ್ತಿ ಜಾಗ, ಇಲಿ ಸಾಕಿದವರಿಗೆ ಮೊಣಕೈಯಷ್ಟು! ನಮ್ಮ ಪತ್ರಿಕಾ ಕುಲದ ಮೇಲೆ ನನಗೆ ಸಿಟ್ಟು ಬಂದದ್ದು ಇದೇ ಮೊದಲಲ್ಲ. ಗುಂಡವ್ವನಿಗೆ ಆ ಚಿತ್ರ ತೋರಿಸಿದರೆ ಅವರು ನೋಡಿದ್ದು ಇಲಿಯನ್ನು. "ಇದು ಭಾಳ ಶಾಣ್ಯಾ ಇತ್ತರಿ" ಎಂದರು, ಅಷ್ಟೇ.

ಬೀದರ ಜಿಲ್ಲೆ ಭಾಲ್ಕಿ ತಾಲೂಕಿನ ಹಳ್ಳಿಯ ಹುಡುಗಿ ಮದುವೆಯಾಗಿ ನಾಶಿಕಕ್ಕೆ ಬಂದದ್ದು ಗಂಡನ ಕೆಲಸದ ಬೆನ್ನು ಹತ್ತಿ. ಗುರುಲಿಂಗಪ್ಪ ಸಿನ್ನರಿನ ಕೈಗಾರಿಕಾ ವಸಾಹತಿನಲ್ಲಿ ಲೇಥ್ ಓಡಿಸುತ್ತಿದ್ದರು. ದಿನವಿಡೀ ನಿಂತೇ ಮಾಡುವ ಕೆಲಸ, ಸಕ್ಕರೆ ಕಾಯಿಲೆಯಿಂದ ಕಾಲಿನ ಸ್ಪರ್ಶಜ್ಞಾನ ಹೋಗಿದೆ ಎಂಬುದು ಅವರ ಗಮನಕ್ಕೇ ಬರಲಿಲ್ಲ. ಒಂದು ದಿನ ಬೂಟಿನೊಳಗೆ ಲೋಹದ ಚೂರು ಹೊಕ್ಕು, ಸಂಜೆ ಮನೆಯಲ್ಲಿ ಕಾಲುಚೀಲ ರಕ್ತವಾದದ್ದನ್ನು ನೋಡಿದವರು ಗುಂಡವ್ವ. ಲೇಥಿನ ಕೆಲಸ ಹೋಯಿತು, ಮಗಳು ಭಾಗ್ಯಶ್ರೀ ಮದುವೆಯಾಗಿ ಸಂಭಾಜಿನಗರ ಸೇರಿದ್ದಳು, ಮನೆಯಲ್ಲಿ ದುಡಿಯುವ ಕೈ ಒಂದಾದರೂ ಬೇಕಿತ್ತು. ಪಕ್ಕದ ಮನೆಯವರು ವಿಶ್ವವಿದ್ಯಾಲಯದಲ್ಲಿ ಕಸಗುಡಿಸುವ ಕೆಲಸ ಇದೆ ಎಂದರು. ಕಸಗುಡಿಸಲು ಬಂದವರನ್ನು ಇಲಿಮನೆಗೆ ಕಳುಹಿಸಿದರು, ಏಕೆಂದರೆ ಆ ಕೆಲಸಕ್ಕೆ ಬಂದವರೆಲ್ಲ ವಾಸನೆಗೆ ಹೆದರಿ ಓಡಿಹೋಗುತ್ತಿದ್ದರು.

"ಮೊದಲನೇ ದಿನ ನಾನೂ ಓಡಿ ಹೋಗ್ತಿದ್ದೆರಿ. ಹೊಲದಾಗ ಇಲಿ ಕಂಡ್ರ ಬಡಿಗಿ ತಗೊಳ್ಳೋ ಮಂದಿ ನಾವು. ಇಲ್ಲಿ ಇಲಿಗಿ ಹಾಸಿಗಿ ಹಾಸು ಅಂತಾರ!"

ಈಗ ಅವರು ಹಾಸುವ ಹಾಸಿಗೆಯನ್ನು ನೋಡಬೇಕು. ಭತ್ತದ ಹೊಟ್ಟನ್ನು ಹಬೆಯಲ್ಲಿ ಶುದ್ಧಮಾಡಿ, ಆರಿಸಿ, ಅಂಗೈಯಲ್ಲಿ ತಿಕ್ಕಿ ನೋಡಿ ಪಂಜರದಲ್ಲಿ ಹರವುತ್ತಾರೆ. ಮುಳ್ಳಿನಂಥ ಒಂದು ಸಿಬರು ಉಳಿದರೂ ಇಲಿಯ ಗಾಯ ಕೆದರುತ್ತದೆ. ನೀರಿನ ಬಾಟಲಿ ತೊಳೆಯುವುದು, ತೂಕ ಹಿಡಿಯುವುದು, ಹೀಟರಿನ ಶಾಖ ನೋಡುವುದು, ಯಾವ ಇಲಿ ಯಾವುದೆಂದು ತಿಳಿಯಲು ಹಾಕಿದ ಹಳದಿ ಗುರುತು ಮಾಸಿದರೆ ಅದನ್ನು ಬೆನ್ನಿಗೋ ಬಾಲಕ್ಕೋ ಮತ್ತೆ ಹಚ್ಚುವುದು. ನೂರರ ಮೇಲೆ ಪ್ರಾಣಿಗಳು. ಭಾನುವಾರ ಅವಕ್ಕೂ ಹಸಿವಾಗುತ್ತದೆ, ಹೀಗಾಗಿ ಎರಡು ವಾರಕ್ಕೊಂದೇ ರಜೆ. ಹೆಸರು ಇಡುತ್ತೀರಾ ಎಂದು ಕೇಳಿದರೆ ಅಡ್ಡಡ್ಡ ತಲೆಯಾಡಿಸುತ್ತಾರೆ. "ಹೆಸರಿಟ್ಟ ಮ್ಯಾಗ ಕೊಡ್ಲಿಕ್ಕ ಆಗಂಗಿಲ್ರಿ."

ಕೊಡುವುದೆಂದರೆ ಏನೆಂದು ಬಿಡಿಸಿ ಹೇಳಲೇಬೇಕು. ಪ್ರಯೋಗ ಮುಗಿದ ಮೇಲೆ ಹೆಚ್ಚಿನ ಇಲಿಗಳು ಬದುಕುವುದಿಲ್ಲ, ಚರ್ಮದ ಚೂರನ್ನು ಸೂಕ್ಷ್ಮದರ್ಶಕದಲ್ಲಿ ನೋಡಬೇಕಾಗುತ್ತದೆ. ಆ ದಿನ ರಜೆ ಹಾಕಿ ಎಂದು ನಿರುಪಮಾ ಮೇಡಂ ಹೇಳಿದರೂ ಗುಂಡವ್ವ ಹಾಕುವುದಿಲ್ಲ. ಪಂಜರದಿಂದ ತೆಗೆದುಕೊಡುವುದು ಅವರೇ. "ಕಡೀಗೆ ಗೊತ್ತಿಲ್ಲದ ಕೈ ಹಿಡದ್ರ ಹೆದರ್ತಾವ್ರಿ. ಅವು ನಮ್ಮ ಸಲುವಾಗಿ ಹೋಗ್ತಾವ, ಅಷ್ಟರೆ ಮಾಡಬೇಕಲ್ಲ" ಎನ್ನುವಾಗ ಅವರ ಕಣ್ಣು ತುಂಬುತ್ತದೆ. ಅದನ್ನು ಮುಚ್ಚಿಡುವ ಗೋಜಿಗೂ ಅವರು ಹೋಗುವುದಿಲ್ಲ.

ಇನ್ನು ಆ ಎಳ್ಳಮಾಸಿಯ ಕಥೆ. ಇದನ್ನು ಗುಂಡವ್ವ ತಾವಾಗಿ ಹೇಳಿದರು, ಬರೆಯಿರಿ ಎಂದೂ ಅವರೇ ಅಂದರು.

ಬೀದರ, ಕಲಬುರಗಿ ಕಡೆಯವರಿಗೆ ಎಳ್ಳ ಅಮಾವಾಸ್ಯೆ, ಅವರ ಬಾಯಲ್ಲಿ ಎಳ್ಳಮಾಸಿ, ಎಂದರೆ ವರ್ಷದ ಹಬ್ಬ. ಹತ್ತಾರು ಕಾಳು, ಸೊಪ್ಪು, ಕಾಯಿಪಲ್ಯೆ ಕೂಡಿಸಿ ಕುದಿಸಿದ ಭಜ್ಜಿ, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಅಂಬಲಿ ಹೊತ್ತು ಹೊಲಕ್ಕೆ ಹೋಗುತ್ತಾರೆ. ಉಣ್ಣುವ ಮುಂಚೆ ಚರಗ ಚೆಲ್ಲಬೇಕು. ಎಂದರೆ ಆ ಅಡುಗೆಯನ್ನು ಕೂಗು ಹಾಕುತ್ತ ಹೊಲದ ತುಂಬ ಎರಚಬೇಕು. ಭೂಮಿತಾಯಿಗೆ, ಹಕ್ಕಿಗೆ, ಇರುವೆಗೆ, ಹುಳಕ್ಕೆ, ಕಡೆಗೆ ವರ್ಷವಿಡೀ ತೆನೆ ಕದ್ದು ತಿನ್ನುವ ಇಲಿಗೂ ಅವತ್ತು ಪಾಲು. ಆ ದಿನ ಹೊಲದಲ್ಲಿ ಯಾವ ಜೀವವೂ ಹಸಿದಿರಬಾರದು.

ಎರಡು ವರ್ಷದ ಹಿಂದಿನ ಎಳ್ಳಮಾಸಿಯಂದು ಗುಂಡವ್ವ ಮನೆಯಲ್ಲಿ ಭಜ್ಜಿ ಮಾಡಿ, ಡಬ್ಬಿ ಕಟ್ಟಿಕೊಂಡು ಕೆಲಸಕ್ಕೆ ಬಂದರು. ಹೊಲವಿಲ್ಲದ ಊರಿನಲ್ಲಿ ಚರಗ ಎಲ್ಲಿ ಚೆಲ್ಲುವುದು? ಅಂದೇ ಸಂಜೆ ಒಂದು ಸಾಲಿನ ಇಲಿಗಳ ಆಹಾರದ ಬಟ್ಟಲು ತೆಗೆಯಬೇಕಿತ್ತು. ಮರುದಿನ ರಕ್ತಪರೀಕ್ಷೆ ಇರುವುದರಿಂದ ಸಂಜೆಯಿಂದ ಉಪವಾಸ ಕೆಡವಿ ಎಂದು ಸಂಶೋಧನಾ ವಿದ್ಯಾರ್ಥಿ ತನ್ಮಯ ಹೇಳಿ ಹೋಗಿದ್ದ. ಗುಂಡವ್ವ ಬಟ್ಟಲು ತೆಗೆದದ್ದು ನಿಜ. ಮನೆಗೆ ಹೊರಡುವ ಹೊತ್ತಿಗೆ ಮನಸ್ಸು ತಡೆಯಲಿಲ್ಲ.

"ಹಬ್ಬದ ದಿನ ಹಸದ ಜೀವ ಬಿಟ್ಟು ಹ್ಯಾಂಗ ಹೋಗ್ಲಿರಿ? ಡಬ್ಬಿದಾಗಿನ ರೊಟ್ಟಿ, ಭಜ್ಜಿ ಹಾಕ್ದೆ, ರಾತ್ರೆಲ್ಲಾ ತಿನ್ಲಿ ಅಂತ. ಅದೂ ಕೂಗು ಹಾಕ್ದೆ ಮತ್ತ, ಸಣ್ಣಗ. ಪುಣ್ಯಾ ಮಾಡೀನಿ ಅಂತ ಮನೀಗ್ಹೋಗಿ ಸುಖದಲೆ ಮಲಗೀನಿ ನೋಡ್ರಿ, ಹುಚ್ಚಿ."

ಆ ರಕ್ತಪರೀಕ್ಷೆ, ಮದ್ದು ಚುಚ್ಚಿದ ಇಲಿಗಳಲ್ಲಿ ಸಕ್ಕರೆ ಕಾಯಿಲೆ ನಿಜಕ್ಕೂ ಬಂದವನ್ನು ಬೇರೆ ಮಾಡುವುದಕ್ಕಾಗಿ ಇತ್ತು. ಹೊಟ್ಟೆ ತುಂಬಿದ ಇಲಿಗಳ ರಕ್ತದಲ್ಲಿ ಸಕ್ಕರೆ ಹೆಚ್ಚು ಕಂಡಿತು, ಕಾಯಿಲೆಯೇ ಇಲ್ಲದ ಇಲಿಗಳೂ ಕಾಯಿಲೆಯವುಗಳ ಗುಂಪಿಗೆ ಸೇರಿಕೊಂಡವು. ಮುಂದೆ ಗಾಯ ಮಾಡಿ ಅರ್ಧಕ್ಕೆ ಮುಲಾಮು, ಅರ್ಧಕ್ಕೆ ಔಷಧವಿಲ್ಲದ ಸಾದಾ ಮುಲಾಮು ಹಚ್ಚಿದರು. ಎಲ್ಲ ಕಡೆ ಗಾಯ ಮನಬಂದಂತೆ ಮಾಯತೊಡಗಿತು. ಸಾದಾ ಹಚ್ಚಿದವೂ ಮಾಯುತ್ತಿವೆ, ಔಷಧ ಹಚ್ಚಿದವೂ ಮಾಯುತ್ತಿವೆ. ತನ್ಮಯ ಊಟ ಬಿಟ್ಟ, ಮುಲಾಮಿನಲ್ಲೇ ದೋಷ ಎಂದು ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡ. ಅವನು ಪ್ರಾಣಿಮನೆಯ ಮೆಟ್ಟಿಲ ಮೇಲೆ ಕೂತು, ಉಪವಾಸ ಸರಿಯಾಗಿದ್ದರೆ ಹೀಗಾಗಲು ಸಾಧ್ಯವೇ ಇಲ್ಲ ಎಂದು ತನ್ನಷ್ಟಕ್ಕೇ ಗೊಣಗಿದ ದಿನ, ಗುಂಡವ್ವನಿಗೆ ತಾವು ಚೆಲ್ಲಿದ ಚರಗ ನೆನಪಾಯಿತು. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅವರು ನೆಟ್ಟಗೆ ಮೇಡಂ ಕೋಣೆಗೆ ನಡೆದರು.

"ಏನು ಹೇಳಬೇಕೋ ತಿಳೀಲಿಲ್ಲ ನನಗ. ಬೈಲೋ, ಅಳಲೋ?" ಎಂದು ಡಾ. ನಿರುಪಮಾ ಈಗಲೂ ತಲೆ ಹಿಡಿದುಕೊಳ್ಳುತ್ತಾರೆ. "ಇಡೀ ಬ್ಯಾಚ್ ತಗದು ಹಾಕಿದ್ವಿ. ಮತ್ತ ಅನುಮತಿ, ಮತ್ತ ಇಲಿ, ವರ್ಷದ ಹತ್ರ ಹಿಂದ ಬಿದ್ವಿ. ತೆಗೆದು ಹಾಕ್ರಿ ಈ ಹೆಂಗಸನ್ನ ಅಂತ ಮ್ಯಾಲಿನವರು ಅಂದ್ರು. ಬಂದು ಒಪ್ಪಿಕೊಂಡಾಕಿನ್ನ ತೆಗದ್ರ, ಮುಂದ ಒಪ್ಪಿಕೊಳ್ಳೋವ್ರು ಯಾರು ಉಳೀತಾರ ಅಂತ ನಾನು ಜಗಳಾಡಿದೆ."

ತನ್ಮಯ ಲಾತೂರಿನ ಹುಡುಗ. ಆ ಸೀಮೆಯಲ್ಲೂ ಇದೇ ಹಬ್ಬವಿದೆ, ವೇಳ ಅಮಾವಾಸ್ಯೆ ಎನ್ನುತ್ತಾರೆ. ಸುದ್ದಿ ಕೇಳಿ ಅವನು ಪ್ರಾಣಿಮನೆಗೆ ಬಂದನಂತೆ. ಆಮೇಲೆ ಹೇಳಿದ್ದನ್ನು ಅವನದೇ ಹರಕು ಕನ್ನಡದಲ್ಲಿ ನನಗೂ ಹೇಳಿ ತೋರಿಸಿದ: "ಮಾವಶಿ, ಅವತ್ತು ನಿಮ್ ಡಬ್ಬಾದ್ದು ಭಜ್ಜಿ ನಾನು ಭೀ ತಿಂದೆ. ಇದೇ ಬಾಗಲದಾಗ ನಿಂತ್ಕೊಂಡು. ಇವತ್ತು ವೇಳ ಅಮಾವಾಸ್ಯೆ, ಮಾವಶಿ ಯಾರಿಗೂ ಉಪವಾಸ ಬಿಡಲ್ಲ, ಅಂತ ನನ್ ಡೋಕಾಕ್ಕೆ ಬರಬೇಕಿತ್ತು." ಮಾವಶಿ ಎಂದರೆ ಚಿಕ್ಕಮ್ಮ, ಡೋಕಾ ಎಂದರೆ ತಲೆ. ಆ ತಲೆಯಲ್ಲಿ ಸಿಟ್ಟು ಉಳಿಯಲಿಲ್ಲ, ಹೊಟ್ಟೆಗೆ ಹಾಕಿಕೊಂಡ.

ಗುಂಡವ್ವ ಮಾತ್ರ ತಮ್ಮನ್ನು ತಾವು ಕ್ಷಮಿಸಿಕೊಂಡಿಲ್ಲ. ಆ ವರ್ಷದ ಮಳೆಗಾಲದಲ್ಲಿ ಗುರುಲಿಂಗಪ್ಪನವರ ಕಾಲಿನ ಎರಡು ಬೆರಳು ತೆಗೆಯಬೇಕಾಯಿತು. ನಿಮ್ಮ ತಪ್ಪಿಗೂ ಆ ಬೆರಳಿಗೂ ಸಂಬಂಧವಿಲ್ಲ, ಮುಲಾಮು ಅಷ್ಟು ಬೇಗ ಮನುಷ್ಯರಿಗೆ ಬರುತ್ತಲೇ ಇರಲಿಲ್ಲ ಎಂದು ಮೇಡಂ ಎಷ್ಟು ಬಿಡಿಸಿ ಹೇಳಿದರೂ ಅವರು ಒಪ್ಪುವುದಿಲ್ಲ. "ಸಂಬಂಧ ಇಲ್ಲ ಅಂತ ಅವರು ಹೇಳ್ತಾರ. ನನ್ನ ಜೀವಕ್ಕ ಕೇಳಂಗಿಲ್ಲ" ಎಂದು ಹೊಟ್ಟಿನ ಬುಟ್ಟಿ ಎತ್ತಿಕೊಂಡು ಹೋಗಿಬಿಡುತ್ತಾರೆ.

ಅಂದಿನಿಂದ ಅವರದೊಂದು ಪಣ. ಇಲಿಗಳಿಗೆ ಉಪವಾಸ ಇದ್ದ ದಿನ ಗುಂಡವ್ವನಿಗೂ ಉಪವಾಸ. ಹೊಸ ಬ್ಯಾಚಿನ ಪ್ರಯೋಗ ಸರಿಯಾಗಿ ಮುಗಿಯಿತು, ಮುಲಾಮು ಗೆದ್ದಿತು, ಶಾಲು ಹಾರ ಆದವು. ಆದರೆ ಸಂಭಾಜಿನಗರದ ಆಸ್ಪತ್ರೆಯ ಸಮಿತಿ ಇನ್ನೊಂದು ಸಲ ಮಾಡಿ ತೋರಿಸಿ ಎಂದಿತು. ಆ ಎರಡನೆಯ ಸುತ್ತಿನ ರಕ್ತಪರೀಕ್ಷೆ ಬಿದ್ದದ್ದು ಯಾವ ದಿನ? ಈ ಸಲದ ಎಳ್ಳಮಾಸಿಯ ಮರುದಿನವೇ. ಬೇರೆ ದಿನ ಇಟ್ಟುಕೊಳ್ಳೋಣ ಎಂದು ತನ್ಮಯನೇ ಹೇಳಿದ. ಗುಂಡವ್ವ ಬೇಡವೆಂದರು. ಆ ಸಂಜೆ ಬಟ್ಟಲು ತೆಗೆದು, ತಾವೂ ಏನೂ ಮುಟ್ಟದೆ ಮನೆಗೆ ಹೋದರು. ಮರುದಿನ ಕಡೆಯ ಇಲಿಯ ರಕ್ತ ತೆಗೆದು ಬಟ್ಟಲು ತುಂಬಿಸಿದ ಮೇಲೆಯೇ ಅಂಗಳದ ಬೇವಿನ ಬುಡದಲ್ಲಿ ಕೂತು ತಂಗಳು ರೊಟ್ಟಿ ಮುರಿದರು. "ಹಸದ ಹೊಟ್ಟಿಲೆ ಮಾಡಿದ ಎಳ್ಳಮಾಸಿ ಇದೊಂದೇ ನೋಡ್ರಿ ನನ್ನ ಜಲ್ಮದಾಗ" ಎನ್ನುತ್ತಾರೆ.

ಆದರೆ ಹಸಿವು ತಡೆಯುವುದು ಸುಲಭ, ಗಂಡನ ಬಾಯಿ ತಡೆಯುವುದು ಕಷ್ಟ. ಮುಲಾಮಿನ ಡಬ್ಬಿಗಳು ಎರಡು, ಒಂದಕ್ಕೆ ಕೆಂಪು ಮುಚ್ಚಳ, ಒಂದಕ್ಕೆ ನೀಲಿ. ಯಾವುದರಲ್ಲಿ ಔಷಧ, ಯಾವುದು ಸಾದಾ ಎಂಬುದು ಮೇಡಂ ಒಬ್ಬರಿಗೇ ಗೊತ್ತು. ಅಳೆಯುವವರ ಕಣ್ಣು ಮೋಸ ಹೋಗಬಾರದೆಂದು ಈ ಏರ್ಪಾಡು. ಆದರೆ ದಿನಾ ಹೊಟ್ಟು ಬದಲಿಸುವವರಿಗೆ ಯಾವ ಸಾಲಿನ ಗಾಯ ಕೂಡುತ್ತಿದೆ ಎಂಬುದು ಕಾಣದೆ ಇರುತ್ತದೆಯೇ? ಕಂಡಿತು. ಅದೇ ವಾರ, ಆಸ್ಪತ್ರೆಗೆ ಹತ್ತಿರವೆಂದು ಮಗಳ ಮನೆಯಲ್ಲಿರುವ ಗುರುಲಿಂಗಪ್ಪನವರ ಹಿಮ್ಮಡಿಯಲ್ಲಿ ಹೊಸ ಗಾಯ ಕೀವು ಹಿಡಿದಿತ್ತು. ಗುಂಡವ್ವ ಹೋದಾಗ ಅವರು ಗೋಡೆಗೆ ಮುಖ ಮಾಡಿ ಮಲಗಿದ್ದರಂತೆ.

"ಇಲಿಗಿ ಹಚ್ಚೋ ಕೈಗೆ ನನ್ನ ಕಾಲು ಕಾಣವಲ್ದೇನು?" ಎಂದರಂತೆ. "ಒಂದು ಬೆರಳಷ್ಟು ತರ್ಲಿಕ್ಕೆ ಏನು ಧಾಡಿ ನಿನಗ?"

ಮುಲಾಮು ಇಡುವ ಶೈತ್ಯಪೆಟ್ಟಿಗೆಯ ಬೀಗದ ಕೈ ಗುಂಡವ್ವನ ಸೊಂಟದಲ್ಲೇ ಇರುತ್ತದೆ. ಬೆರಳಷ್ಟು ಮುಲಾಮು ಕಡಿಮೆಯಾದರೆ ಕೇಳುವವರಿಲ್ಲ. ಮನಮಾಡ ಜಂಕ್ಷನ್ನಿನ ಬೆಂಚಿನಲ್ಲಿ, ಗಾಡಿ ಬದಲಿಸಲು ಕಾಯುತ್ತ, ಸೊಂಟದ ಆ ಕೀಲಿಯನ್ನು ಹಿಡಿದುಕೊಂಡು ಅತ್ತದ್ದಾಗಿ ಅವರು ಹೇಳುತ್ತಾರೆ. ತರಲಿಲ್ಲ ಯಾಕೆ ಎಂದು ನಾನು ಕೇಳಿಯೇಬಿಟ್ಟೆ. ಹೆಂಡತಿಯಾಗಿ ತರಬಹುದಿತ್ತಲ್ಲ.

"ಒಮ್ಮಿ ಪ್ರೀತಿಲೆ ಕೆಡಸೀನ್ರಿ. ಇನ್ನೊಮ್ಮಿ ಪ್ರೀತಿಲೆ ಕೆಡಸಂಗಿಲ್ಲ. ಇಲಿಗಿ ಆಗಿದ್ದು ಮನಷ್ಯಾಗ ಆಗ್ತದೋ, ಕಾಲು ಇನ್ನೂ ಕೊಳಿತದೋ ಯಾರಿಗೆ ಗೊತ್ತದ? ದವಾಖಾನಿಯವರು ಹಚ್ತೀವಿ ಅಂದ ದಿನ ಹಚ್ಚಲಿ."

ಹತ್ತು ಗಂಟೆಗೆ ತನ್ಮಯ ಬರುತ್ತಾನೆ. ಪಾರದರ್ಶಕ ಹಾಳೆಯನ್ನು ಗಾಯದ ಮೇಲಿಟ್ಟು ಅಂಚು ಗುರುತಿಸುವುದು ಅವನ ಕೆಲಸ, ಇಲಿಯನ್ನು ಅಂಗೈಯಲ್ಲಿ ಕದಲದಂತೆ ಹಿಡಿಯುವುದು ಗುಂಡವ್ವನದು. ಒಂದಾದ ಮೇಲೊಂದು ಪಂಜರ. ಗುಂಡವ್ವ ಇಲಿಗಳೊಂದಿಗೆ ಸಣ್ಣ ದನಿಯಲ್ಲಿ ಏನೋ ಹೇಳುತ್ತಲೇ ಇರುತ್ತಾರೆ. ಮಧ್ಯಾಹ್ನದ ಹೊತ್ತಿಗೆ ಮೇಡಂ ತಮ್ಮ ಕಪಾಟಿನಿಂದ ಮುಚ್ಚಿದ ಲಕೋಟೆ ತಂದು ಎಲ್ಲರ ಮುಂದೆ ಒಡೆಯುತ್ತಾರೆ. ಕೆಂಪು ಮುಚ್ಚಳ ಔಷಧ. ಕೆಂಪು ಸಾಲಿನ ಗಾಯಗಳು ಹೆಚ್ಚುಕಡಿಮೆ ಕೂಡಿವೆ, ನೀಲಿ ಸಾಲಿನವು ಅರ್ಧದಷ್ಟೂ ಕೂಡಿಲ್ಲ. ತನ್ಮಯ ಕೂಗುತ್ತಾನೆ, ಕೂಗಿದ್ದಕ್ಕೆ ಗುಂಡವ್ವನಿಂದ ಬೈಸಿಕೊಳ್ಳುತ್ತಾನೆ. ಇಲಿಗಳು ಬೆಚ್ಚುತ್ತವಲ್ಲ!

"ನಿಮಗ ಮೊದಲೇ ಗೊತ್ತಿತ್ತಲ್ಲ?" ಎಂದು ಮೇಡಂ ಕೇಳುತ್ತಾರೆ.

"ಕಂಡಿತ್ತರಿ. ಹೇಳೋ ಕೆಲಸ ನನ್ನದಲ್ಲ."

ಅದರ ಹಿಂದೆಯೇ ಮೇಡಂ ಇನ್ನೊಂದು ಮಾತು ಹೇಳಬೇಕಾಗುತ್ತದೆ, ಅದನ್ನು ಹೇಳುವಾಗ ಅವರ ದನಿ ತಗ್ಗುತ್ತದೆ. ಆಸ್ಪತ್ರೆಯಲ್ಲೂ ಇದೇ ನಿಯಮ. ಪಟ್ಟಿ, ಗುಳಿಗೆ, ಆರೈಕೆ ಎಲ್ಲರಿಗೂ ಒಂದೇ, ಆದರೆ ಅರ್ಧ ಜನಕ್ಕೆ ಔಷಧದ ಮುಲಾಮು, ಅರ್ಧ ಜನಕ್ಕೆ ಸಾದಾ. ಯಾರಿಗೆ ಯಾವುದು ಎಂಬುದನ್ನು ಚೀಟಿ ಎತ್ತಿದಂತೆ ಯಂತ್ರ ನಿರ್ಧರಿಸುತ್ತದೆ. ಹಚ್ಚುವ ವೈದ್ಯರಿಗೂ ಗೊತ್ತಿರುವುದಿಲ್ಲ, ಯಾರೂ ಹೇಳಿ ಬದಲಿಸುವಂತೆಯೂ ಇಲ್ಲ. ಗುರುಲಿಂಗಪ್ಪನವರು ಒಪ್ಪಿ ಸಹಿ ಹಾಕಿದರೂ ಅವರ ಪಾಲಿಗೆ ಸಾದಾ ಬರಬಹುದು. ಗುಂಡವ್ವ ಕೇಳಿಸಿಕೊಳ್ಳುತ್ತಾರೆ. ಗೂಟದ ಬಳೆಗಳನ್ನು ಒಂದೊಂದಾಗಿ ಕೈಗೆ ಏರಿಸಿಕೊಳ್ಳುತ್ತಾರೆ.

ಸಂಜೆಯ ಗಾಡಿಗೆ ನಾನೂ ಅವರ ಜೊತೆ ಹತ್ತುತ್ತೇನೆ. ಮನಮಾಡದಲ್ಲಿ ಇಳಿದು ಬದಲಿಸಿ, ನಿಂತೇ ಸಂಭಾಜಿನಗರ. ಬೆಳಿಗ್ಗೆ ಭಾಗ್ಯಶ್ರೀಯ ಮನೆಯ ಹೊರಕೋಣೆಯಲ್ಲಿ ಗುರುಲಿಂಗಪ್ಪ ಮಂಚದ ಮೇಲೆ ಕಾಲು ಚಾಚಿ ಕೂತಿದ್ದಾರೆ. ಗುಂಡವ್ವ ನೆಲದ ಮೇಲೆ ಕೂತು ಇಡೀ ವಿಷಯ ಹೇಳುತ್ತಾರೆ, ಕೆಂಪು ಮುಚ್ಚಳ, ನೀಲಿ ಮುಚ್ಚಳ, ಚೀಟಿ ಎಲ್ಲ.

"ಅಂದ್ರ ಇಷ್ಟು ವರ್ಷ ಇಲಿ ಕಾದಾಕಿ ಗಂಡಗ ಬರೇ ಬೆಣ್ಣಿ ಹಚ್ಚಿ ಕಳಸ್ತಾರ?" ಗುರುಲಿಂಗಪ್ಪ ನಗಲು ನೋಡುತ್ತಾರೆ, ಆಗುವುದಿಲ್ಲ. "ನಿನ್ನ ಹೆಸರು ಹೇಳಿದ್ರೂ ಕೆಂಪು ಡಬ್ಬಿ ಸಿಗಂಗಿಲ್ಲೇನು?"

"ಸಿಗಂಗಿಲ್ರಿ. ನಾನು ಕೇಳಂಗೂ ಇಲ್ಲ."

ಗುರುಲಿಂಗಪ್ಪ ಕಿಟಕಿಯ ಕಡೆ ನೋಡುತ್ತಾರೆ. ಗುಂಡವ್ವ ಅವರ ಹಿಮ್ಮಡಿಯನ್ನು ತಮ್ಮ ತೊಡೆಯ ಮೇಲೆ ಎಳೆದುಕೊಂಡು, ಹಳೆಯ ಪಟ್ಟಿಯ ಗಂಟನ್ನು ಬಿಚ್ಚುತ್ತಾರೆ. ಇಲಿ ಹಿಡಿಯುವ ಅದೇ ಕೈ, ಕದಲದಂತೆ ಹಿಡಿದೂ ನೋವಾಗಿಸದ ಕೈ.

"ನೀಲಿ ಸಾಲಿನ ಇಲಿಗೋಳು ಇಲ್ದಿದ್ರ ಔಷಧ ಖರೇ ಅದನೋ ಸುಳ್ಳ ಅದನೋ ಹ್ಯಾಂಗ ತಿಳೀತಿತ್ತು ಹೇಳ್ರಿ? ಆ ಸಾಲಿನಾಗ ಯಾರರೆ ಇರಬೇಕಲ್ಲ. ನಿಮ್ಮ ಪಾಲಿಗಿ ನೀಲಿ ಬಂದ್ರ ಬರ್ಲಿ. ಆ ಇಲಿಗೋಳಿಗೂ ನಾ ಅಷ್ಟೇ ಜ್ವಾಕೀಲೆ ಹಾಸಿಗಿ ಹಾಸೀನಿ. ನಿಮಗೂ ಹಾಸ್ತೀನ್ರಿ."